ಒಡಹುಟ್ಟಿದವನ ಜಾಮೀನು

1978ರ ಮಾತು. ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನನ್ನು ಜಾಮೀನಿನ ಮೇಲೆ ಬಿಡಿ ಎಂದು ಸುಪ್ರೀಂ ಕೋರ್ಟೇ ಹೇಳಿತ್ತು. ಎಷ್ಟು ಮೊತ್ತಕ್ಕೆ, ಯಾರ ಭದ್ರತೆಯ ಮೇಲೆ ಎಂಬುದನ್ನು ಮಾತ್ರ ಕೆಳಗಿನ ಮ್ಯಾಜಿಸ್ಟ್ರೇಟರಿಗೆ ಬಿಟ್ಟಿತ್ತು. ಅವರು 10,000 ರೂಪಾಯಿಯ ಶ್ಯೂರಿಟಿ ಕೇಳಿದರು. ಆ ಕಾಲದಲ್ಲಿ ದಿನಗೂಲಿಯವನೊಬ್ಬ ಕಣ್ಣಲ್ಲೂ ಕಾಣದಷ್ಟು ದುಡ್ಡು. ಮೋತಿರಾಮನ ಒಡಹುಟ್ಟಿದವನು ತಾನು ಜಾಮೀನು ನಿಲ್ಲುವುದಾಗಿ ಮುಂದೆ ಬಂದ. ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂಬ ಕಾರಣಕ್ಕೆ ಅದನ್ನು ಒಪ್ಪಲಿಲ್ಲ. ಮೋತಿರಾಮ್ ಮತ್ತೆ ದೆಹಲಿಯ ಬಾಗಿಲು ತಟ್ಟಬೇಕಾಯಿತು.

ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ಆ ತೀರ್ಪಿನಲ್ಲಿ ಕನ್ನಡಿಗನ ಹೆಸರೂ ಬರುತ್ತದೆ. ಮಲಯಾಳಿಯೋ ಕನ್ನಡಿಗನೋ ತಮಿಳನೋ ತೆಲುಗನೋ ಬಸ್ತರಿನಲ್ಲೋ ಪೋರ್ಟ್ ಬ್ಲೇರಿನಲ್ಲೋ ಬಂಧನಕ್ಕೊಳಗಾದರೆ, ಆ ಊರಿನಲ್ಲಿ ಆಸ್ತಿಯಿರುವ ಜಾಮೀನುದಾರನನ್ನು ಎಲ್ಲಿಂದ ಹುಡುಕಿ ತರಬೇಕು ಎಂದು ಅವರು ಕೇಳಿದರು. 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಬೇಕೆಂದು ಆದೇಶವಾಯಿತು. ಬಡವರ ಜಾಮೀನಿನ ಮಾತು ಬಂದಾಗಲೆಲ್ಲ ವಕೀಲರು ಈ ತೀರ್ಪನ್ನು ಎತ್ತಿ ಹಿಡಿಯುತ್ತಾರೆ, ಹಿಡಿಯಬೇಕಾದದ್ದೇ. ನನ್ನ ಮನಸ್ಸು ಮಾತ್ರ ಪ್ರತಿ ಸಲವೂ ಆ ಒಡಹುಟ್ಟಿದವನ ಹತ್ತಿರ ಹೋಗಿ ನಿಲ್ಲುತ್ತದೆ. ತನ್ನದೆಂಬುದನ್ನು ಒತ್ತೆಯಿಡಲು ಬಂದು, ನಿನ್ನದು ನಡೆಯದು ಎನ್ನಿಸಿಕೊಂಡವನು ಅವನು. ಅವನು ಯಾರನ್ನೂ ಬಚ್ಚಿಡಲು ಹೋಗಲಿಲ್ಲ. ಕರೆದ ದಿನ ಇವನು ಬರುತ್ತಾನೆ, ಅದಕ್ಕೆ ನಾನು ಹೊಣೆ ಎನ್ನಲು ಹೋದ.

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇದರ ತಿರುವುಮುರುವು. ಹುಡುಗ ಏನೋ ಮಾಡಿಕೊಂಡಿದ್ದಾನೆ, ಪೊಲೀಸರು ಹುಡುಕುತ್ತಿದ್ದಾರೆ ಎಂದು ತಿಳಿದ ಮೊದಲ ರಾತ್ರಿ ಇಡೀ ಬಂಧುಬಳಗ ಅವನ ಬೆನ್ನಿಗೆ ನಿಲ್ಲುತ್ತದೆ. ಒಬ್ಬರು ತೋಟದ ಮನೆಯ ಬೀಗದ ಕೈ ಕೊಡುತ್ತಾರೆ, ಇನ್ನೊಬ್ಬರು ಬೈಕು ಕೊಡುತ್ತಾರೆ, ಸೋದರತ್ತೆಯ ಊರು ದೂರವಿದೆ ಅಲ್ಲಿಗೆ ಕಳಿಸಿ ಎಂದು ಮತ್ತೊಬ್ಬರು ಹೇಳುತ್ತಾರೆ. ನಾಲ್ಕು ತಿಂಗಳ ಮೇಲೆ ಅವನಿಗೆ ಜಾಮೀನು ಸಿಕ್ಕಿ, ‘ಇಬ್ಬರು ಶ್ಯೂರಿಟಿ ಬೇಕು, ಪಹಣಿ ತನ್ನಿ’ ಎಂದು ವಕೀಲರು ಹೇಳಿದ ದಿನ ಅದೇ ಬಳಗದಲ್ಲಿ ಯಾರೂ ಫೋನ್ ಎತ್ತುವುದಿಲ್ಲ. ಒಬ್ಬರ ಪಹಣಿ ಜಂಟಿ ಹೆಸರಿನಲ್ಲಿರುತ್ತದೆ, ಇನ್ನೊಬ್ಬರ ಜಮೀನಿನ ಮೇಲೆ ಸೊಸೈಟಿ ಸಾಲ ಇರುತ್ತದೆ. ಹೀಗೆ, ಕಾನೂನು ಬೇಡವೆಂದ ನೆರವು ಧಾರಾಳವಾಗಿ ಸಿಗುತ್ತದೆ, ಅದು ಬೇಕೆಂದು ಕೇಳುವ ನೆರವು ಸಿಗುವುದಿಲ್ಲ. ನಿಷ್ಠೆಗೇನೂ ನಮ್ಮಲ್ಲಿ ಬರವಿಲ್ಲ. ಅದನ್ನು ಎಲ್ಲಿ ಖರ್ಚು ಮಾಡಬೇಕು ಎಂಬುದು ತಿಳಿಯದೆ ಎಷ್ಟೋ ಮನೆಗಳು ಹಾಳಾಗಿವೆ ಎಂಬುದು ನನ್ನ ಅನಿಸಿಕೆ.

ಮೊದಲು ಬಚ್ಚಿಡುವ ವಿಷಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 249ನೇ ಕಲಂ ಅಪರಾಧಿಗೆ ಆಶ್ರಯ ಕೊಡುವುದನ್ನು ಶಿಕ್ಷಾರ್ಹವೆನ್ನುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಇದು 212ನೇ ಕಲಂ ಆಗಿತ್ತು. ಆಶ್ರಯ ಪಡೆದವನ ಅಪರಾಧ ಮರಣದಂಡನೆಗೆ ಗುರಿಯಾಗುವಂಥದ್ದಾದರೆ ಆಶ್ರಯ ಕೊಟ್ಟವರಿಗೆ ಐದು ವರ್ಷದವರೆಗೆ, ಜೀವಾವಧಿ ಅಥವಾ ಹತ್ತು ವರ್ಷದ ಅಪರಾಧವಾದರೆ ಮೂರು ವರ್ಷದವರೆಗೆ ಜೈಲು. ಆಶ್ರಯ ಎಂದರೆ ತಲೆಯ ಮೇಲೊಂದು ಸೂರು ಮಾತ್ರ ಅಲ್ಲ. ಕಾನೂನಿನ ವ್ಯಾಖ್ಯೆಯಲ್ಲಿ ಊಟ, ನೀರು, ಹಣ, ಬಟ್ಟೆ, ಓಡಾಡಲು ವಾಹನ ಎಲ್ಲವೂ ಸೇರಿವೆ. ತಾಯಿ ಕಟ್ಟಿಕೊಟ್ಟ ರೊಟ್ಟಿಯ ಗಂಟೂ ಅದರೊಳಗೆ ಬರಬಹುದು ಎಂದಾಗ ಎದೆ ಝಲ್ಲೆನ್ನುತ್ತದೆ. ಆದರೆ ಗಾಬರಿ ಬೇಡ. ಅವನು ಅಪರಾಧ ಮಾಡಿದ್ದಾನೆಂದು ಗೊತ್ತಿರಬೇಕು ಅಥವಾ ಹಾಗೆ ನಂಬಲು ಕಾರಣವಿರಬೇಕು, ಮತ್ತು ಶಿಕ್ಷೆಯಿಂದ ಪಾರುಮಾಡುವ ಉದ್ದೇಶವೂ ಇರಬೇಕು. ಏನೂ ಅರಿಯದೆ ಬಾಗಿಲಿಗೆ ಬಂದ ಮಗನಿಗೆ ಬಡಿಸಿದ ಅನ್ನ ಅಪರಾಧವಲ್ಲ. ಎಲ್ಲ ತಿಳಿದು, ಹಿತ್ತಿಲ ಬಾಗಿಲಿನಿಂದ ದಾಟಿಸಲೆಂದೇ ಕೊಟ್ಟ ದುಡ್ಡು ಅಪರಾಧ.

ಈ ಕಲಮಿನಲ್ಲಿ ವಿನಾಯಿತಿ ಇರುವುದು ಒಬ್ಬರಿಗೆ ಮಾತ್ರ: ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ. ತಾಯಿಗಿಲ್ಲ, ತಂದೆಗಿಲ್ಲ, ಮಗಳಿಗಿಲ್ಲ, ಅಣ್ಣತಮ್ಮಂದಿರಿಗೆ ಇಲ್ಲವೇ ಇಲ್ಲ. ಮದುವೆಯಾಗಿ ಒಂದು ತಿಂಗಳಾದ ಹೆಂಡತಿಯನ್ನು ಕ್ಷಮಿಸುವ ಕಾನೂನು ಒಂಬತ್ತು ತಿಂಗಳು ಹೊತ್ತವಳನ್ನು ಕ್ಷಮಿಸುವುದಿಲ್ಲ. ಇದು 1860ರ ಬ್ರಿಟಿಷ್ ಕಾಲದ ಸಂಹಿತೆಯಿಂದ ಬಂದ ಬಳುವಳಿ. ಗಂಡಹೆಂಡಿರಿಬ್ಬರೂ ಒಂದೇ ಎಂದು ಎಣಿಸಿದ ಇಂಗ್ಲೆಂಡಿನ ಹಳೆಯ ಕಾನೂನಿಗೆ ಕರುಳ ಬಳ್ಳಿಯ ಲೆಕ್ಕವಿರಲಿಲ್ಲ. ಬೇರೆ ದೇಶಗಳು ಬೇರೆ ಬಗೆಯಲ್ಲಿ ಯೋಚಿಸಿವೆ. ಫ್ರಾನ್ಸಿನಲ್ಲಿ ಹೆತ್ತವರು, ಮಕ್ಕಳು, ಒಡಹುಟ್ಟಿದವರು ಆಶ್ರಯ ಕೊಟ್ಟರೆ ಅದಕ್ಕಾಗಿ ಶಿಕ್ಷೆಯಿಲ್ಲ. ಜರ್ಮನಿಯ ದಂಡ ಸಂಹಿತೆಯೂ ಹತ್ತಿರದ ಬಂಧುವನ್ನು ಶಿಕ್ಷೆಯಿಂದ ಉಳಿಸಲು ಹೊರಟವರನ್ನು ದಂಡಿಸುವುದಿಲ್ಲ. ಮಗ ತಂದೆಯ ತಪ್ಪನ್ನು ಮರೆಮಾಡುವುದರಲ್ಲೂ ಒಂದು ನೇರವಂತಿಕೆಯಿದೆ ಎಂದು ಕನ್‌ಫ್ಯೂಷಿಯಸ್ ಎರಡೂವರೆ ಸಾವಿರ ವರ್ಷದ ಹಿಂದೆ ಹೇಳಿದ ನೆಲ ಚೀನಾ. ಅಲ್ಲಿ 2012ರ ತಿದ್ದುಪಡಿಯ ಬಳಿಕ ಆರೋಪಿಯ ಗಂಡ ಅಥವಾ ಹೆಂಡತಿ, ತಂದೆತಾಯಿ, ಮಕ್ಕಳನ್ನು ಸಾಕ್ಷಿ ಹೇಳಲು ಕೋರ್ಟಿಗೆ ಬಲವಂತವಾಗಿ ಕರೆತರುವಂತಿಲ್ಲ.

ನಮ್ಮಲ್ಲಿ 2023ರಲ್ಲಿ ಇಡೀ ದಂಡ ಸಂಹಿತೆಯನ್ನೇ ಹೊಸದಾಗಿ ಬರೆದಾಗ ಈ ಕಲಮಿನೊಳಗೆ ಒಂದು ಸಾಲು ಸೇರಿಸಬಹುದಿತ್ತು. ಹೆತ್ತವರನ್ನು ಸೇರಿಸಬೇಕಿತ್ತು ಎಂದೇ ನಾನು ನಂಬುತ್ತೇನೆ. ಓಡಿಹೋದ ಮಗನಿಗೆ ಅನ್ನವಿಟ್ಟ ಮುದುಕಿಯನ್ನು ಜೈಲಿಗೆ ಕಳಿಸುವುದರಿಂದ ಸಮಾಜಕ್ಕೆ ಏನೂ ಸಿಗುವುದಿಲ್ಲ. ಆದರೆ ಕಾನೂನು ಇವತ್ತು ಇರುವುದು ಹೀಗೆ, ಅದು ಗೊತ್ತಿರಬೇಕು. ಇನ್ನೊಂದು ಮಾತು: ಗಂಡಹೆಂಡಿರ ವಿನಾಯಿತಿ ಆಶ್ರಯಕ್ಕಷ್ಟೇ ಸೀಮಿತ. ಸಾಕ್ಷ್ಯ ನಾಶ ಬೇರೆಯದೇ ಅಪರಾಧ. ರಕ್ತದ ಕಲೆಯ ಅಂಗಿಯನ್ನು ಒಗೆದು ಹಾಕಿದರೆ, ಮೊಬೈಲನ್ನು ಬಾವಿಗೆ ಎಸೆದರೆ, ಕಟ್ಟಿಕೊಂಡವಳಿಗೂ ಬಿಡುಗಡೆಯಿಲ್ಲ.

ಸಾಕ್ಷಿಕಟ್ಟೆಯಲ್ಲೂ ಇದೇ ಗೆರೆ. ಗಂಡಹೆಂಡಿರು ದಾಂಪತ್ಯದಲ್ಲಿ ಒಬ್ಬರಿಗೊಬ್ಬರು ಆಡಿದ ಮಾತನ್ನು ಹೊರಗೆಡಹುವಂತೆ ಕೋರ್ಟು ಒತ್ತಾಯಿಸುವಂತಿಲ್ಲ. ಮಾತು ಆಡಿದವರ ಒಪ್ಪಿಗೆಯಿಲ್ಲದೆ ಅದನ್ನು ಹೇಳಲು ಬಿಡುವಂತೆಯೂ ಇಲ್ಲ. ಹಿಂದೆ ಸಾಕ್ಷ್ಯ ಅಧಿನಿಯಮದ 122ನೇ ಕಲಂ ಆಗಿದ್ದದ್ದು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 128ನೇ ಕಲಂ. ಮಾತಿಗೆ ರಕ್ಷಣೆ ಇದೆ, ಕಣ್ಣಿಗೆ ಕಂಡದ್ದಕ್ಕೆ ಇಲ್ಲ. 1954ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಉತ್ತರ ಪ್ರದೇಶದ ರಾಮ್ ಭರೋಸೆ ಪ್ರಕರಣ ಇದನ್ನು ಬಿಡಿಸಿ ತೋರಿಸುತ್ತದೆ. ಇನ್ನೂ ಬೆಳಕು ಹರಿಯುವ ಮುನ್ನ ಗಂಡ ಮಾಳಿಗೆಯಿಂದ ಇಳಿದು ಬಂದದ್ದು, ಹೊಟ್ಟಿನ ಕೋಣೆಗೆ ಹೋದದ್ದು, ಸ್ನಾನ ಮಾಡಿದ್ದು, ಇವನ್ನೆಲ್ಲ ಹೆಂಡತಿ ಕಂಡಿದ್ದಳು. ಅದನ್ನು ಸಾಕ್ಷ್ಯವಾಗಿ ಒಪ್ಪಲಾಯಿತು. ಒಡವೆ ಕೊಡುತ್ತ ಅವನು ಅವಳಿಗೆ ಹೇಳಿದ ಮಾತನ್ನು ಒಪ್ಪಲಿಲ್ಲ. ಕೊಲೆಯ ಪ್ರಕರಣವದು. ಒಂದೇ ಬೆಳಗಿನ ಜಾವ, ಒಂದೇ ಮನೆ. ಕಂಡದ್ದನ್ನು ಅವಳು ಹೇಳಲೇಬೇಕು, ಕೇಳಿದ್ದನ್ನು ಹೇಳುವಂತಿಲ್ಲ. ತಂದೆ ಮಗಳಿಗೆ, ತಮ್ಮ ಅಕ್ಕನಿಗೆ ಹೇಳಿಕೊಂಡ ಮಾತಿಗೆ ನಮ್ಮ ಕಾನೂನಿನಲ್ಲಿ ಇಂಥ ಯಾವ ಮರೆಯೂ ಇಲ್ಲ. ಸಮನ್ಸ್ ಬಂದರೆ ಹೋಗಬೇಕು, ಪ್ರಮಾಣ ಮಾಡಿ ಹೇಳಬೇಕು. ಸುಳ್ಳು ಹೇಳಿದರೆ ಅದೇ ಇನ್ನೊಂದು ಕೇಸು.

ಇಷ್ಟು ಹೊತ್ತು ನಾನು ಆರೋಪಿಯ ಬಂಧುಗಳ ಪರವಾಗಿ ಮರುಗುತ್ತ ಬಂದೆ. ಅಲ್ಲೇ ನಿಂತರೆ ದೊಡ್ಡ ಅನ್ಯಾಯವಾದೀತು. ಅಪರಾಧಕ್ಕೆ ಗುರಿಯಾದವರೂ ಅದೇ ಸೂರಿನಡಿಯಲ್ಲಿ ಇರುವ ಮನೆಗಳುಂಟು. ಸೊಸೆಯನ್ನು ಸುಟ್ಟ ಮನೆ, ಬೇರೆ ಜಾತಿಯವನನ್ನು ಮದುವೆಯಾದಳೆಂದು ಮಗಳನ್ನು ಮುಗಿಸಿದ ಮನೆ, ಮಗುವಿನ ಮೈಮೇಲೆ ಕೈಹಾಕಿದ ಚಿಕ್ಕಪ್ಪನಿರುವ ಮನೆ. ಇಲ್ಲಿ ‘ಮನೆ ಮರ್ಯಾದೆ’ ಎಂದು ಎಲ್ಲರೂ ಬಾಯಿ ಮುಚ್ಚಿಕೊಂಡರೆ ಆ ನಿಷ್ಠೆ ಮನೆಗೆ ಸಲ್ಲುವುದಿಲ್ಲ, ಮನೆಯೊಳಗಿನ ಬಲಶಾಲಿಗೆ ಸಲ್ಲುತ್ತದೆ. ಆ ಮಗುವೂ ಮನೆಯದೇ, ಅದಕ್ಕೂ ಕರುಳ ಬಳ್ಳಿ ಇದೆ. 2012ರ ಪೋಕ್ಸೋ ಕಾಯ್ದೆ ಇಲ್ಲಿ ಯಾರಿಗೂ ರಿಯಾಯಿತಿ ಇಟ್ಟಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದೂ ಪೊಲೀಸರಿಗೆ ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಗಂಡ, ಹೆಂಡತಿ, ಅಜ್ಜಿ, ಅತ್ತೆ ಎಲ್ಲರೂ ಈ ಹೊಣೆಯೊಳಗೇ. ತಿಳಿಸಲಿಲ್ಲವೆಂದು ಶಿಕ್ಷೆ ಕೊಡುವಂತಿಲ್ಲದಿರುವುದು ಮಕ್ಕಳಿಗೆ ಮಾತ್ರ. ಕಾನೂನು ಕುಟುಂಬವನ್ನು ಹೀಗೆ ಕತ್ತರಿಸಿ ಒಳಹೊಕ್ಕಾಗ ನನಗೆ ಯಾವ ಸಂಕಟವೂ ಆಗುವುದಿಲ್ಲ. ಈ ಒಂದು ಕಡೆ ಅದು ಇನ್ನೂ ಬೇಗ, ಇನ್ನೂ ಗಟ್ಟಿಯಾಗಿ ಒಳಗೆ ಬರಬೇಕು.

ಬಂಧುವನ್ನು ತಾವಾಗಿಯೇ ಹಿಡಿದುಕೊಡುವುದೆಂದರೆ ಏನು ಎಂದು ಯೋಚಿಸಿದಾಗಲೆಲ್ಲ ನನಗೆ ಅಮೆರಿಕದ ಡೇವಿಡ್ ಕಜಿನ್‌ಸ್ಕಿ ನೆನಪಾಗುತ್ತಾರೆ. ಅಂಚೆಯಲ್ಲಿ ಬಾಂಬು ಕಳಿಸುತ್ತಿದ್ದ ಅನಾಮಧೇಯನೊಬ್ಬ ಹದಿನೇಳು ವರ್ಷ ಆ ದೇಶವನ್ನು ನಡುಗಿಸಿದ್ದ. ಮೂವರು ಸತ್ತಿದ್ದರು, 23 ಜನ ಗಾಯಗೊಂಡಿದ್ದರು. 1995ರ ಸೆಪ್ಟೆಂಬರಿನಲ್ಲಿ ಅವನ ಸುದೀರ್ಘ ಪ್ರಣಾಳಿಕೆಯನ್ನು ವಾಷಿಂಗ್ಟನ್ ಪೋಸ್ಟ್ ಅಚ್ಚು ಹಾಕಿತು. ಇದು ನಿನ್ನ ಅಣ್ಣ ಇರಬಹುದೇ ಎಂಬ ಅನುಮಾನ ಮೊದಲು ಹುಟ್ಟಿದ್ದು ಡೇವಿಡ್‌ಗಲ್ಲ, ಅವರ ಹೆಂಡತಿ ಲಿಂಡಾ ಪ್ಯಾಟ್ರಿಕ್‌ಗೆ. ಆಕೆ ತತ್ತ್ವಶಾಸ್ತ್ರದ ಅಧ್ಯಾಪಕಿ. ಡೇವಿಡ್ ಮನಸ್ಸಿಲ್ಲದೆ ಓದಲು ಕೂತರು. ಅಣ್ಣ ಟೆಡ್ ಹಳೆಯ ಕಾಗದಗಳಲ್ಲಿ ಬಳಸುತ್ತಿದ್ದ ಒಂದು ಅಪರೂಪದ ಪದಗುಚ್ಛ ಅಲ್ಲಿತ್ತು. ಅಣ್ಣತಮ್ಮಂದಿರು ಕೂಡಿ ಕೊಂಡಿದ್ದ ಮೊಂಟಾನಾದ ಒಂದು ತುಂಡು ನೆಲದಲ್ಲಿ ಟೆಡ್ ಗುಡಿಸಲು ಕಟ್ಟಿಕೊಂಡು ಒಂಟಿಯಾಗಿ ಬದುಕುತ್ತಿದ್ದ.

ಸುಮ್ಮನಿದ್ದರೆ ಇನ್ನೊಬ್ಬರು ಸಾಯಬಹುದು, ಹೇಳಿದರೆ ಅಣ್ಣನಿಗೆ ಮರಣದಂಡನೆಯಾಗಬಹುದು. ಡೇವಿಡ್ ಹೇಳಿದರು. ತನ್ನ ಹೆಸರು ಹೊರಬರಬಾರದು ಎಂದು ಕೇಳಿಕೊಂಡಿದ್ದರೂ ಅದು ಹೊರಬಂತು. ಮರಣದಂಡನೆ ಬೇಡ ಎಂದು ಬೇಡಿಕೊಂಡಿದ್ದರೂ ಸರ್ಕಾರ ಅದನ್ನೇ ಕೇಳಿತು. 1998ರಲ್ಲಿ ಟೆಡ್ ತಪ್ಪೊಪ್ಪಿಕೊಂಡ ಮೇಲೆ ಶಿಕ್ಷೆ ಜೀವಾವಧಿಗೆ ನಿಂತಿತು. ಅಣ್ಣನನ್ನು ಹಿಡಿದುಕೊಟ್ಟದ್ದಕ್ಕೆ ಬಂದ ಹತ್ತು ಲಕ್ಷ ಡಾಲರ್ ಬಹುಮಾನದಲ್ಲಿ ತೆರಿಗೆ, ವಕೀಲರ ಖರ್ಚು ಕಳೆದು ಉಳಿದದ್ದನ್ನು ಡೇವಿಡ್ ಬಾಂಬಿಗೆ ಬಲಿಯಾದವರ ಕುಟುಂಬಗಳಿಗೆ ಕೊಟ್ಟರು. ಮುಂದೆ ಮರಣದಂಡನೆಯ ವಿರುದ್ಧ ವರ್ಷಗಟ್ಟಲೆ ಕೆಲಸ ಮಾಡಿದರು. ಜೈಲಿನಲ್ಲಿದ್ದ ಅಣ್ಣನಿಗೆ ಕಾಗದ ಬರೆಯುತ್ತಲೇ ಇದ್ದರು. ಟೆಡ್ ಒಂದಕ್ಕೂ ಉತ್ತರಿಸಲಿಲ್ಲ, 2023ರ ಜೂನಿನಲ್ಲಿ ಜೈಲಿನಲ್ಲೇ ತೀರಿಕೊಂಡ. ಡೇವಿಡ್ ಅಣ್ಣನಿಗೆ ದ್ರೋಹ ಬಗೆದರು ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹಿಡಿದುಕೊಟ್ಟ ಮೇಲೆ ಕೈತೊಳೆದುಕೊಂಡಿದ್ದರೆ ಆ ಮಾತು ಒಪ್ಪಬಹುದಿತ್ತು. ನಮ್ಮ ಮಹಾಭಾರತದ ಗಾಂಧಾರಿಯೂ ಯುದ್ಧಕ್ಕೆ ಹೊರಟ ಮಗ ಬಂದು ಕೇಳಿದಾಗ ಗೆಲುವು ನಿನ್ನದಾಗಲಿ ಎಂದು ಹರಸಲಿಲ್ಲ. ಅದೇ ಮಗನ ಹೆಣದ ಮುಂದೆ ಅವಳಷ್ಟು ಅತ್ತವರೂ ಇಲ್ಲ.

ಮನೆಯವರು ತಮ್ಮ ಹೊಣೆ ಅರಿತರೆ ಸಾಲದು, ಪೊಲೀಸರೂ ತಮ್ಮ ಗೆರೆ ದಾಟಬಾರದು. ಆರೋಪಿ ಸಿಗದಿದ್ದರೆ ಅವನ ಅಪ್ಪನನ್ನೋ ಹೆಂಡತಿಯನ್ನೋ ಠಾಣೆಯಲ್ಲಿ ಕೂರಿಸಿ, ‘ಅವನನ್ನು ಸರೆಂಡರ್ ಮಾಡಿಸಿ, ಇವರನ್ನು ಬಿಡುತ್ತೇವೆ’ ಎನ್ನುವುದನ್ನು ನಮ್ಮ ಊರುಗಳಲ್ಲಿ ಜನ ಮಳೆಗಾಲ ಬಂದಂತೆ ಸಹಜವೆಂದು ಒಪ್ಪಿಕೊಂಡುಬಿಟ್ಟಿದ್ದಾರೆ. ಅದು ಸಹಜವೂ ಅಲ್ಲ, ಕಾನೂನೂ ಅಲ್ಲ. ಒಬ್ಬನ ಬದಲಿಗೆ ಇನ್ನೊಬ್ಬನನ್ನು ಹಿಡಿದಿಡುವ ಅಧಿಕಾರ ಯಾವ ಪೊಲೀಸ್ ಅಧಿಕಾರಿಗೂ ಇಲ್ಲ. ಸಾಕ್ಷಿಯಾಗಿ ವಿಚಾರಿಸಬೇಕಿದ್ದರೂ ಹೆಂಗಸರನ್ನು, ಹದಿನೈದು ವರ್ಷದೊಳಗಿನ ಹುಡುಗರನ್ನು, ಅರವತ್ತು ದಾಟಿದ ಗಂಡಸರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆಯವರನ್ನು ಠಾಣೆಗೆ ಬನ್ನಿ ಎನ್ನುವಂತಿಲ್ಲ. ಅವರಿರುವ ಮನೆಗೇ ಹೋಗಿ ಕೇಳಬೇಕು. ಕ್ರಿಮಿನಲ್ ಪ್ರಕ್ರಿಯೆಯ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಹೇಳುವುದು ಇದನ್ನೇ. ತಲೆಮರೆಸಿಕೊಂಡವನ ಆಸ್ತಿಯನ್ನು ಕೋರ್ಟು ಜಪ್ತಿ ಮಾಡಬಹುದು, ಆದರೆ ಅದು ಅವನ ಆಸ್ತಿಯಾಗಿರಬೇಕು. ತಮ್ಮನ ಪಾಲೂ ಅದರಲ್ಲಿ ಸೇರಿಹೋಗಿದ್ದರೆ ಆರು ತಿಂಗಳೊಳಗೆ ತಕರಾರು ಸಲ್ಲಿಸಲು ಅವಕಾಶವಿದೆ.

ಬಂಧನವಾದ ದಿನ ಮನೆಯವರ ಕೈಯಲ್ಲಿ ಏನಿದೆ? ಸಾಕಷ್ಟಿದೆ. 1986ರಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಡಿ.ಕೆ. ಬಸು ಅವರು ಲಾಕಪ್ ಸಾವುಗಳ ಪತ್ರಿಕಾ ವರದಿಗಳನ್ನು ಮುಂದಿಟ್ಟು ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದರು. ಹತ್ತು ವರ್ಷದ ಬಳಿಕ, 1996ರಲ್ಲಿ, ಅದರ ತೀರ್ಪು ಬಂತು. ಬಂಧನದ ಹೊತ್ತಿಗೆ ಮಾಡಬೇಕಾದ ಹನ್ನೊಂದು ಕೆಲಸಗಳನ್ನು ಸುಪ್ರೀಂ ಕೋರ್ಟು ಪಟ್ಟಿ ಮಾಡಿತು. ಬಂಧನದ ಮೆಮೊ ಬರೆಯಬೇಕು, ಅದಕ್ಕೆ ಮನೆಯವರೊಬ್ಬರ ಅಥವಾ ಊರಿನ ಗಣ್ಯರೊಬ್ಬರ ಸಹಿ ಬೇಕು, ಹಿಡಿದ ಸುದ್ದಿಯನ್ನೂ ಇಟ್ಟಿರುವ ಜಾಗವನ್ನೂ ಬಂಧುಗಳಿಗೆ ತಿಳಿಸಬೇಕು. ಈಗ ಇವು ನಾಗರಿಕ ಸುರಕ್ಷಾ ಸಂಹಿತೆಯ ಕಲಮುಗಳೇ ಆಗಿವೆ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎನ್ನುವುದಂತೂ ಸಂವಿಧಾನದ 22ನೇ ವಿಧಿಯಲ್ಲೇ ಇದೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ 15100 ಸಂಖ್ಯೆಗೆ ಫೋನ್ ಮಾಡಬಹುದು, ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಬಂಧನದಲ್ಲಿರುವ ವ್ಯಕ್ತಿಗೆ ಉಚಿತ ವಕೀಲರನ್ನು ಕೊಡಲು ಆದಾಯದ ಲೆಕ್ಕ ಕೇಳುವುದಿಲ್ಲ. ಮೊದಲ ರಾತ್ರಿ ತೋಟದ ಮನೆ ಹುಡುಕುವ ಬದಲು ಇಷ್ಟು ಮಾಡಿದರೆ, ಅವನನ್ನು ವಕೀಲರ ಜೊತೆಯಲ್ಲಿ ಹಗಲು ಹೊತ್ತಿನಲ್ಲೇ ಕೋರ್ಟಿಗೆ ಹಾಜರುಪಡಿಸಿದರೆ, ಲಾಕಪ್ಪಿನ ಕತ್ತಲಿನಲ್ಲಿ ಏನಾದೀತೋ ಎಂಬ ಭಯವೂ ಅರ್ಧ ಇಳಿಯುತ್ತದೆ.

ಆಮೇಲೆ ಬರುವುದು ಜಾಮೀನು ನಿಲ್ಲುವ ದಿನ. ಇದರ ಬಗ್ಗೆ ಜನರಲ್ಲಿ ತಪ್ಪು ತಿಳಿವಳಿಕೆ ಬಹಳ. ‘ಅವನು ಕಳ್ಳತನ ಮಾಡಿಲ್ಲ ಅಂತ ನಾನು ಹೇಗೆ ಬರೆದುಕೊಡಲಿ?’ ಎಂದು ದೊಡ್ಡಪ್ಪ ಹಿಂದೆ ಸರಿಯುತ್ತಾನೆ. ಹಾಗೆ ಯಾರೂ ಬರೆದುಕೊಡಬೇಕಿಲ್ಲ. ಜಾಮೀನುದಾರ ಅವನ ನಿರಪರಾಧಕ್ಕೆ ಹೊಣೆಯಲ್ಲ, ಅವನ ಹಾಜರಿಗೆ ಹೊಣೆ. ವಾಯಿದೆಯ ದಿನ ಅವನು ಬರಬೇಕು, ಅಷ್ಟೆ. ಬಾರದಿದ್ದರೆ ಬಾಂಡು ಮುಟ್ಟುಗೋಲಾಗುತ್ತದೆ, ಬರೆದುಕೊಟ್ಟ ಮೊತ್ತವನ್ನು ಕೋರ್ಟು ಕೇಳುತ್ತದೆ. ಕಟ್ಟದೆ ಹೋದರೆ ದಂಡದಂತೆ ವಸೂಲಿ ಮಾಡುತ್ತದೆ. ವಸೂಲಿಯೂ ಆಗದಿದ್ದರೆ ಜಾಮೀನುದಾರನಿಗೇ ಆರು ತಿಂಗಳವರೆಗೆ ಸಿವಿಲ್ ಜೈಲು. ಸಣ್ಣ ಮಾತಲ್ಲ, ದೊಡ್ಡಪ್ಪನ ಹೆದರಿಕೆಗೆ ಕಾರಣವಿದೆ. ಆದರೆ ಕಾರಣ ಸರಿಯಿದ್ದರೆ ಆ ಮೊತ್ತವನ್ನು ಇಳಿಸುವ ಅಧಿಕಾರವೂ ಕೋರ್ಟಿಗಿದೆ. ಇವನನ್ನು ನಂಬಿ ಕೆಟ್ಟೆ, ಇನ್ನು ನಿಲ್ಲಲಾರೆ ಅನ್ನಿಸಿದರೆ ಯಾವಾಗ ಬೇಕಾದರೂ ಅರ್ಜಿ ಕೊಟ್ಟು ಹೊಣೆಯಿಂದ ಬಿಡಿಸಿಕೊಳ್ಳಬಹುದು. ಆಗ ಕೋರ್ಟು ಆರೋಪಿಯನ್ನು ಕರೆಸಿ ಬೇರೆ ಶ್ಯೂರಿಟಿ ತರಲು ಹೇಳುತ್ತದೆ, ತಾರದಿದ್ದರೆ ಒಳಗೆ ಕಳಿಸುತ್ತದೆ. ಈ ಬಾಗಿಲು ಇದೆ ಎಂಬುದು ಗೊತ್ತಿದ್ದರೆ ಹೆದರಿ ಹಿಂದೆ ಸರಿಯುವವರಲ್ಲಿ ಕೆಲವರಾದರೂ ಪಹಣಿ ಹಿಡಿದು ಬಂದಾರು.

ಬಂಧುಗಳು ಬಾರದ ಜಾಗಕ್ಕೆ ಬಾಡಿಗೆ ಜಾಮೀನುದಾರರು ಬರುತ್ತಾರೆ. ಎಷ್ಟು ಜನರಿಗೆ ಜಾಮೀನು ನಿಂತಿದ್ದೀರಿ ಎಂದು ಘೋಷಿಸಬೇಕೆಂಬ ನಿಯಮ ಬಂದದ್ದೇ ಅವರಿಂದಾಗಿ. ಅವರಿಗೆ ಆ ಹುಡುಗ ಯಾರೆಂದೂ ಗೊತ್ತಿರುವುದಿಲ್ಲ, ಅವನು ಬಂದನೋ ಬಿಟ್ಟನೋ ಬೇಕಾಗಿಯೂ ಇಲ್ಲ. ಕಾನೂನು ಶ್ಯೂರಿಟಿ ಕೇಳಿದ್ದು ಯಾವುದಕ್ಕೋ ಅದು ಅಲ್ಲಿ ಇರುವುದಿಲ್ಲ.

ನಿಜವಾದ ಜಾಮೀನುದಾರನ ಮನೆ ಬೇರೆ. ಅಡುಗೆಮನೆಯ ಗೋಡೆಗೆ ತೂಗುಹಾಕಿದ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆ, ಗ್ಯಾಸ್ ಬಂದ ದಿನಗಳ ನಡುವೆ ಒಂದು ತಾರೀಖಿಗೆ ಪೆನ್ನಿನಲ್ಲಿ ಸುತ್ತು ಹಾಕಿರುತ್ತದೆ. ಅದು ವಾಯಿದೆಯ ದಿನ. ಹಿಂದಿನ ರಾತ್ರಿ ಅಣ್ಣ ತಮ್ಮನಿಗೆ ಫೋನ್ ಮಾಡಿ ನಾಳೆ ಬೆಳಿಗ್ಗೆ ಏಳರ ಬಸ್ಸು ಎನ್ನುತ್ತಾನೆ. ಬೆಳಿಗ್ಗೆ ತಾನೇ ಹೋಗಿ ಎಬ್ಬಿಸುತ್ತಾನೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂರುತ್ತಾನೆ. ಇಬ್ಬರೂ ಹೆಚ್ಚು ಮಾತಾಡುವುದಿಲ್ಲ. ಕೋರ್ಟಿನ ಜಗುಲಿಯಲ್ಲಿ ಹೆಸರು ಕೂಗಿದಾಗ ತಮ್ಮ ಒಳಗೆ ಹೋಗುತ್ತಾನೆ, ಅಣ್ಣ ಬಾಗಿಲ ಬಳಿ ನಿಂತು ಕಾಯುತ್ತಾನೆ. ಮುಂದಿನ ತಾರೀಖು ಗೊತ್ತಾದ ಮೇಲೆ ಊರಿಗೆ ಮರಳಿ, ಹಾಳೆ ತಿರುವಿ, ಇನ್ನೊಂದು ಸುತ್ತು ಹಾಕುತ್ತಾನೆ.